ಕಟಕಟೆಯ ಈಚೆ: ಕಂಡದ್ದನ್ನು ಹೇಳಿದೆ, ಈಗ ಅಡಗಿ ಕೂತಿದ್ದೇನೆ

ಓದುಗರ ಕಾನೂನು ಪ್ರಶ್ನೆಗಳಿಗೆ, ಕುಮಟಾ ಮತ್ತು ಕಾರವಾರದ ಕೋರ್ಟುಗಳಲ್ಲಿ 38 ವರ್ಷ ವಕೀಲಿಕೆ ಮಾಡಿ ಈಗ ಶಿರಸಿಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿಯ ಉತ್ತರ.

ಪ್ರಶ್ನೆ: ವಕೀಲ ಅಕ್ಕೋರಿಗೆ ನಮಸ್ಕಾರ. ನನಗೆ 24 ವರ್ಷ. ನಮ್ಮ ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಳೆದ ವರ್ಷ ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ರಾತ್ರಿ ಪಾಳಿಯಲ್ಲಿದ್ದಾಗ ಮೂವರು ಸೇರಿ ಒಬ್ಬ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಐಸ್ ಎಳೆಯುವ ಕೊಕ್ಕೆಯಲ್ಲಿ ಹೊಡೆದರು. ಮೀಟರ್ ಬಡ್ಡಿಯ ಬಾಕಿಯಂತೆ. ಹೊಡೆದವರಲ್ಲಿ ಒಬ್ಬ ನಮ್ಮ ಕಡೆ ಎಲ್ಲರೂ ‘ಅಣ್ಣ’ ಎನ್ನುವವನ ಖಾಸಾ ತಮ್ಮ. ನನ್ನ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಇದೆ. ತಾಂಡೇಲ ಬದುಕಿದ, ಬಲಗೈ ಮಾತ್ರ ಕೆಲಸಕ್ಕೆ ಬಾರದ ಹಾಗಾಯಿತು. ಪೊಲೀಸರು ಕೇಳಿದಾಗ ಕಂಡದ್ದನ್ನು ಹೇಳಿದೆ. ಕೊಲೆ ಯತ್ನದ ಕೇಸಾಯಿತು. ತಮ್ಮ ನಾಲ್ಕು ತಿಂಗಳು ಒಳಗಿದ್ದು ಬೇಲ್ ಮೇಲೆ ಹೊರಗೆ ಬಂದ.

ಆಮೇಲೆ ಶುರುವಾಯಿತು. ಮೊದಲು ಅಣ್ಣನ ಹುಡುಗರು ಪ್ಲಾಂಟಿಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ನಂತರ ಅಣ್ಣನದೇ ಫೋನು. ‘ಕೋರ್ಟಿನಲ್ಲಿ ಕತ್ತಲಿತ್ತು ಅನ್ನು. ಇಲ್ಲಾಂದ್ರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮನೆಗೆ ಬರ್ತೀಯಾ’ ಎಂದ. ಒಂದು ರಾತ್ರಿ ನಂಬರ್ ಪ್ಲೇಟಿಲ್ಲದ ಬೈಕು ಮನೆಯವರೆಗೆ ಹಿಂದೆ ಬಂತು. ಮಾರನೇ ಬೆಳಗಿನ ಜಾವ ಮೀನಿನ ಗಾಡಿ ಹತ್ತಿ ಊರು ಬಿಟ್ಟೆ. ಈಗ ಮೂರು ತಿಂಗಳಾಯಿತು. ಮನೆಯಲ್ಲಿ ಆಯಿ ಮತ್ತು ಪಿಯುಸಿ ಓದುವ ತಂಗಿ ಇಬ್ಬರೇ. ಸಮನ್ಸ್ ಹಿಡಿದು ಪೊಲೀಸರು ಎರಡು ಸಲ ಮನೆಗೆ ಬಂದಿದ್ದರಂತೆ. ಇನ್ನು ವಾರಂಟ್ ಆಗುತ್ತದೆ ಎಂದು ಹೇಳಿ ಹೋದರಂತೆ. ಈಗ ಎರಡು ಕಡೆಯವರೂ ನನ್ನನ್ನು ಹುಡುಕುತ್ತಿದ್ದಾರೆ. ಗೋವಾಕ್ಕೋ ಗಲ್ಫ್‌ಗೋ ಹೋಗಿಬಿಡಲೇ? ನೋಡಿಲ್ಲ ಎಂದು ಹೇಳಿಬಿಟ್ಟರೆ ಅಣ್ಣ ಬಿಡುತ್ತಾನೆಯೇ? ಪೊಲೀಸರು ನಿಜವಾಗಿ ಕಾಯುತ್ತಾರೆಯೇ? ನಮ್ಮ ಬಂದರಿನ ಹೆಸರು ದಯವಿಟ್ಟು ಹಾಕಬೇಡಿ.
— ಹೆಸರು, ಊರು ಬೇಡ

ಉತ್ತರ: ತಮಾ, ಮೊದಲು ನಿನ್ನ ಲಕೋಟೆಯ ಸುದ್ದಿ. ಹಿಂದೆ ನಿನ್ನ ವಿಳಾಸ ಬರೆಯದೆ ಜಾಣನಾದೆ, ಸರಿ. ಆದರೆ ಅಂಚೆಯ ಮುದ್ರೆ ಎಷ್ಟು ನಿಚ್ಚಳವಾಗಿ ಬಿದ್ದಿತ್ತು ಎಂದರೆ ಊರು, ತಾರೀಕು ಎರಡನ್ನೂ ನಾನು ಕನ್ನಡಕ ಇಲ್ಲದೆ ಓದಿದೆ. ಪತ್ರಿಕೆಯ ಕಚೇರಿಯಲ್ಲಿ ಅದು ಮೂರು ಕೈ ದಾಟಿ ನನಗೆ ಬಂದಿದೆ. ಲಕೋಟೆಯನ್ನು ಆವತ್ತೇ ಬಚ್ಚಲ ಒಲೆಗೆ ಹಾಕಿದೆ. ಪತ್ರ ನನ್ನ ಕಪಾಟಿನಲ್ಲಿದೆ. ಮೇಲೆ ಅಚ್ಚಾಗಿರುವುದರಲ್ಲಿ ಮೂರು ವಿವರಗಳನ್ನು ಬದಲಿಸಿದ್ದೇನೆ. ಯಾವ ಮೂರು ಎಂದು ನಿನಗೆ ತಿಳಿಯುತ್ತದೆ, ಬೇರೆಯವರಿಗೆ ತಿಳಿಯುವುದು ಬೇಡ. ನಿನಗೆ ನೇರವಾಗಿ ಬರೆಯಲು ವಿಳಾಸವಿಲ್ಲದ್ದರಿಂದ ಇಲ್ಲೇ ಉತ್ತರಿಸುತ್ತಿದ್ದೇನೆ. ಇದನ್ನು ನಿನ್ನನ್ನು ಬೆದರಿಸುವವನೂ ಓದಲಿ. ಅವನಿಗೆ ಓದುವ ಚಟ ಇಲ್ಲದಿದ್ದರೆ ಅವನ ವಕೀಲರಾದರೂ ಓದಲಿ.

ಇನ್ನೊಂದು ಮಾತು. ಅವನನ್ನು ‘ಅಣ್ಣ’ ಎನ್ನುವುದನ್ನು ಬಿಡು. ದೂರು ಬರೆಯುವಾಗಲೂ ಜನ ಹೀಗೇ ಬರೆಯುತ್ತಾರೆ, ‘ಅಣ್ಣನವರು ಬೆದರಿಸಿದರು’ ಅಂತ. ಅವನಿಗೆ ಆಧಾರ್ ಕಾರ್ಡಿನಲ್ಲೊಂದು ಹೆಸರಿದೆ, ಅಪ್ಪನ ಹೆಸರಿದೆ. ಕಾಗದದ ಮೇಲೆ ಅದನ್ನೇ ಬರೆ.

ನಿನ್ನ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಅದಕ್ಕೆ ಉತ್ತರ ಹೇಳುವ ಅರ್ಹತೆ ನನಗಿದೆ. ನಾನು ಇಂಥವರ ಪರವಾಗಿಯೂ ವಕಾಲತ್ತು ಹಾಕಿದವಳು. ಅದರಲ್ಲಿ ನಾಚಿಕೆ ಪಡುವಂಥದ್ದಿಲ್ಲ, ಆರೋಪಿಗೂ ವಕೀಲ ಬೇಕು. ಆದರೆ ಅಲ್ಲಿ ಕೂತು ಕಂಡದ್ದು ಬಹಳ. ಸಾಕ್ಷಿ ತಿರುಗುವುದು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ. ಕಟಕಟೆ ಹತ್ತುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ತೊಂಬತ್ತರ ದಶಕದ ಮಾತು. ಕುಮಟಾದಲ್ಲಿ ಒಂದು ಹೊಡೆದಾಟದ ಕೇಸು, ನಾನು ಆರೋಪಿಯ ಕಡೆ. ಮುಖ್ಯ ಸಾಕ್ಷಿ ಒಬ್ಬ ಖಲಾಸಿ, ನಿನ್ನದೇ ವಯಸ್ಸು. ಬೆಳಿಗ್ಗೆ ಹತ್ತೂವರೆಗೆ ನಾನು ಫೈಲು ಹಿಡಿದು ಹೋಗುವಾಗ ಅವನನ್ನು ನನ್ನ ಕಕ್ಷಿದಾರನ ಜನ ಅಂಗಡಿಯ ಬೆಂಚಿನ ನಡುವೆ ಕೂರಿಸಿಕೊಂಡಿದ್ದರು. ಆ ಕಡೆ ಒಬ್ಬ, ಈ ಕಡೆ ಒಬ್ಬ. ಎದುರಿಗೆ ಪ್ಲೇಟಿನಲ್ಲಿ ಎರಡು ಬನ್ಸ್, ಚಹಾ. ಅವನು ಚಹಾ ಕುಡಿದ, ಬನ್ಸ್ ಮುಟ್ಟಲಿಲ್ಲ. ಕೋರ್ಟಿನವನು ಹೆಸರು ಕೂಗಿದಾಗ ಆ ಎರಡು ಬನ್ಸನ್ನು ಪೇಪರಿನಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಂಡು ಎದ್ದ. ಅವನ ಜೇಬಿನ ಮೇಲೆ ಎಣ್ಣೆಯ ಕಲೆ ದೊಡ್ಡದಾಗುತ್ತ ಹೋದದ್ದನ್ನು ನೋಡುತ್ತಲೇ ನಾನು ಪಾಟೀ ಸವಾಲಿಗೆ ತಯಾರಾಗಿದ್ದೆ. ಸವಾಲೇ ಬೇಕಾಗಲಿಲ್ಲ. ‘ಕತ್ತಲಿತ್ತು, ಯಾರು ಹೊಡೆದರೋ ಕಾಣಲಿಲ್ಲ’ ಎಂದ. ಸರ್ಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿದರು. ನಾನು ಕೇಸು ಗೆದ್ದೆ.

ಎಂಟು ತಿಂಗಳಾದ ಮೇಲೆ ಅದೇ ಹುಡುಗ ನನ್ನ ಆಫೀಸಿನ ಮೆಟ್ಟಿಲ ಮೇಲೆ. ಆ ಕಕ್ಷಿದಾರನ ಜನ ಅವನ ಕೈಯಲ್ಲಿ ರಾತ್ರಿ ಹೊತ್ತು ಏನನ್ನೋ ಸಾಗಿಸಿದ್ದರಂತೆ, ಆಮೇಲೆ ಇನ್ನೊಂದು ಕೇಸಿನಲ್ಲಿ ಸುಳ್ಳು ಸಾಕ್ಷಿಗೆ ಕರೆದಿದ್ದರಂತೆ. ಒಲ್ಲೆ ಎಂದದ್ದಕ್ಕೆ ‘ನಮ್ಮ ಬನ್ಸ್ ತಿಂದವನಲ್ಲವೋ ನೀನು’ ಎಂದು ಕೇಳಿದರಂತೆ. ತಿಂದಿರಲಿಲ್ಲ ಪಾಪ, ಮನೆಗೆ ಒಯ್ದು ತಂಗಿಗೆ ಕೊಟ್ಟಿದ್ದ. ಅವನು ರತ್ನಾಗಿರಿಗೆ ಓಡಿಹೋದ. ಅಲ್ಲಿಯ ಬೋಟುಗಳಲ್ಲಿ ಬೇರೆ ಹೆಸರು ಹೇಳಿಕೊಂಡು ಏಳು ವರ್ಷ ದುಡಿದ. ತಾಯಿ ಸತ್ತಾಗಲೂ ಬರಲಿಲ್ಲ. ಎಂಟನೇ ವರ್ಷ ಬಂದು ನೋಡಿದರೆ ಅವನು ಯಾರಿಗೆ ಹೆದರಿ ಓಡಿದ್ದನೋ ಆತ ಸತ್ತು ನಾಲ್ಕು ವರ್ಷವಾಗಿತ್ತು. ಸಕ್ಕರೆ ಕಾಯಿಲೆ, ಸ್ವಂತ ಮಂಚದ ಮೇಲೆ. ಹುಡುಗನಿಗೆ ಹೇಳಲು ಯಾರ ಹತ್ತಿರವೂ ಅವನ ವಿಳಾಸ ಇರಲಿಲ್ಲ.

ಹಾಗಾಗಿ ‘ನೋಡಿಲ್ಲ’ ಎಂದರೆ ಬಿಡುತ್ತಾನೆಯೇ ಎಂದು ಕೇಳಿದರೆ, ಆ ದಿನಕ್ಕೆ ಬಿಡುತ್ತಾನೆ. ಕಾನೂನಿನ ಮಾತು ಬೇರೆ. ಕೋರ್ಟಿನಲ್ಲಿ ಸುಳ್ಳು ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನ ಪ್ರಕಾರ 7 ವರ್ಷದವರೆಗೆ ಶಿಕ್ಷೆ ಆಗಬಹುದು. ಅದನ್ನು ತೋರಿಸಿ ನಿನ್ನನ್ನು ಹೆದರಿಸುವುದಿಲ್ಲ. ತಿರುಗಿದ ಸಾಕ್ಷಿ ಅದಕ್ಕಾಗಿ ಜೈಲಿಗೆ ಹೋದದ್ದನ್ನು ನನ್ನ ವಕೀಲಿಕೆಯಲ್ಲಿ ನಾನು ಕಂಡಿಲ್ಲ.

ಇನ್ನು ಓಡುವ ವಿಷಯ. ಮಾಜಾಳಿ ದಾಟಿದರೆ ಗೋವಾ, ಬದುಕಿಕೊಂಡೆ ಎಂದುಕೊಂಡಿದ್ದೀಯಲ್ಲ, ಅವನ ಮೀನಿನ ಲಾರಿ ದಿನ ಬಿಟ್ಟು ದಿನ ಮಡಗಾಂವಿಗೆ ಹೋಗುತ್ತದೆ ಎಂದು ನೀನೇ ಇನ್ನೊಂದು ಪುಟದಲ್ಲಿ ಬರೆದಿದ್ದೀ. ಗಲ್ಫ್ ಇನ್ನೂ ದೂರದ ಮಾತು, ಅಲ್ಲಿಯ ಖರ್ಚಿಗೆ ಆಯಿ ಯಾರ ಹತ್ತಿರ ಸಾಲ ಕೇಳುತ್ತಾಳೆ? ಮತ್ತೆ ಮೀಟರ್ ಬಡ್ಡಿಯೇ. ಈ ಮೂರು ತಿಂಗಳು ಜೀವ ಉಳಿಸಿಕೊಳ್ಳಲು ಓಡಿದ್ದು ತಪ್ಪಲ್ಲ, ಯಾರೇ ಆದರೂ ಓಡುತ್ತಿದ್ದರು. ಆದರೆ ನೀನು ಓಡಿದ್ದಕ್ಕೆ ಎಲ್ಲೂ ಒಂದು ಕಾಗದವಿಲ್ಲ. ಕೋರ್ಟಿನ ಕಡತದಲ್ಲಿ ಈಗ ಇರುವುದು ಇಷ್ಟೇ: ಸಾಕ್ಷಿ ಮನೆಯಲ್ಲಿಲ್ಲ, ಸಮನ್ಸ್ ಜಾರಿಯಾಗಿಲ್ಲ. ಇದು ಅವನಿಗೆ ಹಾಲು ಕುಡಿದಷ್ಟು ಹಿತ. ನಿನ್ನನ್ನು ಹೊಡೆಯುವ ಗೋಜೂ ಇಲ್ಲದೆ ಅವನ ಕೆಲಸ ಆಗುತ್ತಿದೆ.

ಈಗ ನನ್ನ ಇನ್ನೊಂದು ಅನುಭವ ಕೇಳು. ಕೋವಿಡ್‌ಗೆ ಸ್ವಲ್ಪ ಮೊದಲು. ಆಗಲೂ ನಾನು ಆರೋಪಿಯ ಕಡೆಯೇ. ಒಂದು ಮಧ್ಯಾಹ್ನ ಕಾರವಾರದ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಎದುರಾಗಿ, ‘ಅಕ್ಕೋರೆ, ನಿಮ್ಮ ಕೇಸಿನ ಸಾಕ್ಷಿ ರಕ್ಷಣೆಗೆ ಅರ್ಜಿ ಹಾಕಿದ್ದಾನೆ’ ಎಂದರು. ನಾನು ಹೊರಗೆ ಬಂದು ಮಾಡಿದ ಮೊದಲ ಕೆಲಸ ಕಕ್ಷಿದಾರನಿಗೆ ಫೋನು. ‘ಮಾರಾಯಾ, ಆ ಹುಡುಗನ ಓಣಿಯಲ್ಲಿ ಕೂಡ ನಿನ್ನ ಜನ ಕಾಣಬಾರದು. ಅವನು ಬಚ್ಚಲಲ್ಲಿ ಜಾರಿ ಬಿದ್ದರೂ ನಿನ್ನ ತಲೆಗೆ ಬರುತ್ತದೆ. ಬೇಲ್ ರದ್ದಾದರೆ ನನ್ನ ಹತ್ತಿರ ಬರಬೇಡ’ ಎಂದೆ. ಹುಡುಗನ ಮೇಲಿನ ಪ್ರೀತಿಯಿಂದ ಮಾಡಿದ ಫೋನಲ್ಲ ಅದು. ಆದರೆ ಅವತ್ತಿನಿಂದ ಆ ಹುಡುಗನನ್ನು ಯಾರೂ ಮುಟ್ಟಲಿಲ್ಲ. ಅವನಿಗೆ ಗೊತ್ತಿಲ್ಲದೆ ಅವನ ಕಾವಲಿಗೆ ನಿಂತವಳು ಎದುರು ಕಡೆಯ ವಕೀಲೆ. ನಿನಗೂ ಬೇಕಾಗಿರುವುದು ಅಂಥದ್ದೊಂದು ಕಾಗದ.

ಆ ಕಾಗದಕ್ಕೆ ಸಾಕ್ಷಿ ಸಂರಕ್ಷಣಾ ಯೋಜನೆ, 2018 ಎಂದು ಹೆಸರು. ಮಹೇಂದರ್ ಚಾವ್ಲಾ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಡಿಸೆಂಬರ್ 5ರಂದು ಇದನ್ನು ಇಡೀ ದೇಶಕ್ಕೆ ಕಾನೂನಿನಂತೆ ಅನ್ವಯಿಸಿತು. ಆ ಚಾವ್ಲಾ ಕೂಡ ನಿನ್ನ ಹಾಗೆ ಬೆದರಿಕೆಯಲ್ಲಿದ್ದ ಸಾಕ್ಷಿಯೇ, ಸ್ವಾಮಿ ಎನಿಸಿಕೊಂಡಿದ್ದ ಆಸಾರಾಂ ಮೇಲಿನ ಅತ್ಯಾಚಾರ ಪ್ರಕರಣದವರು. ಈಗಿನ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮಿನಲ್ಲೂ ರಾಜ್ಯಗಳು ಇಂಥ ಯೋಜನೆ ಮಾಡಬೇಕು ಎಂದಿದೆ. ಅರ್ಜಿ ನಿರ್ಧರಿಸುವುದು ಜಿಲ್ಲಾ ಮಟ್ಟದ ಸಮಿತಿ. ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಸರ್ಕಾರಿ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದು ಇರುವುದು ಕಾರವಾರದಲ್ಲಿ. ಅರ್ಜಿ ಬಂದ ಮೇಲೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯಿಂದ ಬೆದರಿಕೆ ಎಷ್ಟರ ಮಟ್ಟಿನದು ಎಂಬ ಗುಟ್ಟಿನ ವರದಿ ತರಿಸುತ್ತಾರೆ, ಅದಕ್ಕೆ 5 ಕೆಲಸದ ದಿನ. ವರದಿ ಬಂದ ಮೇಲೆ ಆದೇಶಕ್ಕೆ ಇನ್ನೂ 5 ಕೆಲಸದ ದಿನ. ಅಷ್ಟು ದಿನ ಕಾಯುವ ಸ್ಥಿತಿ ಇಲ್ಲದಿದ್ದರೆ ನಡುವೆಯೇ ತಾತ್ಕಾಲಿಕ ರಕ್ಷಣೆ ಕೊಡುವ ಅಧಿಕಾರವೂ ಸಮಿತಿಗಿದೆ. ಎಲ್ಲ ವಿಚಾರಣೆ ಬಾಗಿಲು ಮುಚ್ಚಿ. ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಗಳಿಗೆ ಈ ಯೋಜನೆ ಸಿಗುತ್ತದೆ. ಗಾಯವಾದ ಕೊಲೆ ಯತ್ನ, ಅಂದರೆ ನ್ಯಾಯ ಸಂಹಿತೆಯ 109ನೇ ಕಲಮು, ಅದರೊಳಗೇ ಬರುತ್ತದೆ.

ನಿನಗೆ ಮುಖ್ಯವಾದದ್ದು ಇದು. ಅರ್ಜಿ ಸಾಕ್ಷಿಯೇ ಹಾಕಬೇಕೆಂದಿಲ್ಲ. ಮನೆಯವರು ಹಾಕಬಹುದು, ವಕೀಲರು ಹಾಕಬಹುದು. ಅಂದರೆ ನೀನು ಅಡಗಿರುವ ಜಾಗದಿಂದ ಕದಲದೆಯೇ ನಿನ್ನ ಆಯಿ ಹಾಕಬಹುದು. ಆಕೆಗೆ ವಕೀಲರ ಫೀಸಿನ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲೂ ಕಾನೂನು ಸೇವಾ ಸಮಿತಿಯ ಕೋಣೆ ಇದೆ. ನಿಮ್ಮ ತಾಲ್ಲೂಕಿನ ಕೋರ್ಟಿನ ಮುಂದೆ ಅವನ ಜನ ಕೂತಿರುತ್ತಾರೆ ಎಂಬ ಹೆದರಿಕೆ ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗಲಿ, ಇಲ್ಲವೇ ಮೊದಲು 15100ಕ್ಕೆ ಫೋನ್ ಮಾಡಲಿ. ಆಯಿ ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗಲಿ, ಕಾಗದ ಓದಿ ಸಹಿ ಹಾಕಲು ಒಬ್ಬರು ಬೇಕು.

ಅರ್ಜಿಯ ಜೊತೆ ಬೆದರಿಕೆಯ ದೂರೂ ಬೇಕು. ಇಲ್ಲಿ ಹತ್ತರಲ್ಲಿ ಎಂಟು ಜನ ಎಡವುತ್ತಾರೆ. ಠಾಣೆಗೆ ಹೋಗಿ ‘ಕೊಲ್ಲುತ್ತೇನೆ ಎಂದ ಸಾರ್’ ಎಂದಷ್ಟೇ ಹೇಳಿದರೆ ಅದು ನ್ಯಾಯ ಸಂಹಿತೆಯ 351ನೇ ಕಲಮು, ಬರೀ ಬೆದರಿಕೆ. ಅಸಂಜ್ಞೇಯ ಎನ್ನುತ್ತಾರೆ, ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಒಂದು ಎನ್‌ಸಿ (ಅಸಂಜ್ಞೇಯ) ಚೀಟಿ ಹರಿದು ಕೊಟ್ಟು ಕಳಿಸುತ್ತಾರೆ. ಆದರೆ ನಿನಗೆ ಅವನು ಹೇಳಿದ್ದು ಬರೀ ಕೊಲ್ಲುತ್ತೇನೆ ಎಂದಲ್ಲ. ‘ಕೋರ್ಟಿನಲ್ಲಿ ಕತ್ತಲಿತ್ತು ಅನ್ನು’ ಎಂದಿದ್ದಾನೆ. ಸುಳ್ಳು ಸಾಕ್ಷಿ ಹೇಳಿಸಲು ಬೆದರಿಸುವುದು 232ನೇ ಕಲಮು. 7 ವರ್ಷದವರೆಗೆ ಶಿಕ್ಷೆ, ಪೊಲೀಸರೇ ನೇರವಾಗಿ ಎಫ್‌ಐಆರ್ ಹಾಕಬಹುದು, ಬೇಲ್ ಸುಲಭದಲ್ಲಿ ಸಿಗುವುದಿಲ್ಲ. ಎರಡೂ ದೂರಿನ ನಡುವಿನ ವ್ಯತ್ಯಾಸ ಆ ಒಂದು ವಾಕ್ಯ. ಆದ್ದರಿಂದ ಅವನ ಬಾಯಿಂದ ಬಂದ ಮಾತನ್ನು ಬಂದ ಹಾಗೆಯೇ ಬರೆ, ಥರ್ಮಾಕೋಲ್ ಪೆಟ್ಟಿಗೆ ಸಮೇತ. ಅದನ್ನು ಗ್ರಂಥಸ್ಥ ಭಾಷೆಗೆ ತಿದ್ದಿ ‘ಪ್ರಾಣ ಬೆದರಿಕೆ ಒಡ್ಡಿರುತ್ತಾರೆ’ ಎಂದು ಮಾಡಲು ಠಾಣೆಯ ರೈಟರಿಗೆ ಬಿಡಬೇಡ.

ದೂರು ಕೊಡಲು ನಿಮ್ಮೂರ ಠಾಣೆಗೇ ಹೋಗಬೇಕೆಂದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಾದರೂ ಜೀರೊ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಪುಕ್ಕಟೆ ಸಿಗಬೇಕು, ಕೇಳಿ ತೆಗೆದುಕೋ. ಅಲ್ಲಿ ಯಾರಾದರೂ ‘ನಿನ್ನ ಊರಿಗೇ ಹೋಗು’ ಎಂದರೆ ಜಗಳ ಬೇಡ, ಅದೇ ದೂರನ್ನು ಕಾರವಾರದ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕು. ಅದಕ್ಕೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ಕಾನೂನು ದಾರಿ ಇಟ್ಟಿದೆ. ಈ ಸಲ ಅಂಚೆಯ ಮುದ್ರೆ ನಿಚ್ಚಳವಾಗಿಯೇ ಬೀಳಲಿ.

ಆ ಮೊಬೈಲು ಎಲ್ಲಿದೆ? ಸಿಮ್ ತೆಗೆದಿಟ್ಟಿದ್ದೇನೆ ಎಂದು ಬರೆದಿದ್ದೀ, ಒಳ್ಳೆಯದಾಯಿತು, ಫೋನನ್ನು ಮಾರಬೇಡ, ರೀಸೆಟ್ ಮಾಡಬೇಡ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಇಂಥ ವಿಡಿಯೊಗೆ ಪ್ರಮಾಣಪತ್ರ ಬೇಕು, ಮೂಲ ಫೋನೇ ಇದ್ದರೆ ಎಲ್ಲ ಸಲೀಸು. ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಕಳಿಸಿ ಮೂಲವನ್ನು ಅಳಿಸಿದವರ ಕೇಸಿನಲ್ಲಿ ನಾನು ಎಷ್ಟು ಸಲ ಗೆದ್ದಿದ್ದೇನೆ ಎಂದು ಹೇಳಿಕೊಳ್ಳಲು ಈಗ ಮುಜುಗರವಾಗುತ್ತದೆ. ಅವನು ಕಳಿಸಿದ ಧ್ವನಿ ಸಂದೇಶಗಳಿದ್ದರೆ ಅವನು ಆ ಕಡೆಯಿಂದ ಅಳಿಸುವ ಮೊದಲು ಇನ್ನೊಂದು ಫೋನಿನಲ್ಲಿ ನುಡಿಸಿ ಚಿತ್ರಿಸಿಟ್ಟುಕೋ.

ಪೊಲೀಸರ ಮುಂದೆ ನೀನು ಆಗ ಕೊಟ್ಟ ಹೇಳಿಕೆ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನದು, ಅದಕ್ಕೆ ನಿನ್ನ ಸಹಿ ಇಲ್ಲ, ಪ್ರಮಾಣವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಿದ್ದೀಯೋ ಇಲ್ಲವೋ ನಿನ್ನ ಪತ್ರದಿಂದ ತಿಳಿಯಲಿಲ್ಲ. ಅದು 183ನೇ ಕಲಮು. 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಕೇಸುಗಳಲ್ಲಿ ಪೊಲೀಸರು ಕರೆದೊಯ್ದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಬರೆದುಕೊಳ್ಳಲೇಬೇಕು. ಅದೊಂದರಿಂದಲೇ ಶಿಕ್ಷೆಯಾಗದು, ನೀನು ಕಟಕಟೆಗೆ ಬಂದು ಹೇಳಲೇಬೇಕು. ಆದರೂ ಮುಚ್ಚಿದ ಲಕೋಟೆಯೊಂದು ಕೋರ್ಟಿನಲ್ಲಿದೆ ಎಂದು ಗೊತ್ತಾದ ಮೇಲೆ ನಿನ್ನ ಬಾಯಿ ಮುಚ್ಚಿಸುವುದರಲ್ಲಿ ಅವನಿಗೆ ಸಿಗುವ ಲಾಭ ಅರ್ಧಕ್ಕೆ ಇಳಿಯುತ್ತದೆ. ಅದನ್ನು ವಿಚಾರಣೆ ಶುರುವಾಗುವ ಮೊದಲೇ ಕೊಡಬೇಕು; ಕೊಟ್ಟಿಲ್ಲದಿದ್ದರೆ ಈಗಲೂ ಅವಕಾಶವಿದೆಯೇ ಎಂದು ತನಿಖಾಧಿಕಾರಿಯನ್ನು ಅಥವಾ ಆಯಿಗೆ ಸಿಗುವ ವಕೀಲರನ್ನು ಕೇಳು.

ವಾರಂಟಿಗೆ ಹೆದರಬೇಡ. ಸಾಕ್ಷಿಯ ಮೇಲಿನ ವಾರಂಟು ಎಂದರೆ ನಿನ್ನನ್ನು ಕೋರ್ಟಿಗೆ ಕರೆತರುವ ಚೀಟಿ, ನೀನು ಆರೋಪಿಯಾಗುವುದಿಲ್ಲ. ವಕೀಲರು ಒಂದು ಅರ್ಜಿ ಹಾಕಿ ‘ಸಾಕ್ಷಿ ಬರಲು ಸಿದ್ಧ, ಜೀವ ಬೆದರಿಕೆ ಇದ್ದುದರಿಂದ ಊರಲ್ಲಿರಲಿಲ್ಲ’ ಎಂದು ದಾಖಲಿಸಿದರೆ ಮುಗಿಯಿತು. ಕಾರವಾರಕ್ಕೆ ಇಳಿಯದೆ ಬೇರೆ ಕೋರ್ಟಿನಲ್ಲಿ ಕೂತು ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಅನುಮತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಲಿ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಬೆದರಿಕೆಯ ಎಫ್‌ಐಆರ್ ಕೈಗೆ ಬಂದ ಮೇಲೆ ತಮ್ಮನ ಬೇಲ್ ರದ್ದು ಮಾಡಿ ಎಂದು ಸರ್ಕಾರಿ ವಕೀಲರು ಸೆಷನ್ಸ್ ಕೋರ್ಟನ್ನು ಕೇಳಬಹುದು. ಅವರು ಮರೆತರೆ ನೆನಪಿಸಬೇಕು, ಅವರ ಮೇಜಿನ ಮೇಲೆ ಫೈಲುಗಳ ಗುಡ್ಡವೇ ಇರುತ್ತದೆ.

ಕೊನೆಗೆ ಪೊಲೀಸರು ಕಾಯುತ್ತಾರೆಯೇ ಎಂಬುದು. ಸಿನಿಮಾದ ಹಾಗೆ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ ಎಂದುಕೊಂಡರೆ ನಿರಾಸೆಯಾಗುತ್ತದೆ. ಯೋಜನೆಯಲ್ಲಿ ಬರೆದದ್ದು ಬಹಳ ಇದೆ: ಫೋನ್ ನಂಬರ್ ಬದಲಿಸಿ ಕೊಡುವುದು, ಮನೆಗೆ ಕ್ಯಾಮೆರಾ, ಗಸ್ತು, ತಾತ್ಕಾಲಿಕ ವಾಸಕ್ಕೆ ಬೇರೆ ಜಾಗ, ಕೋರ್ಟಿಗೆ ಸರ್ಕಾರಿ ಗಾಡಿಯಲ್ಲಿ ಕರೆದೊಯ್ಯುವುದು, ತೀರ ಅಗತ್ಯಬಿದ್ದರೆ ಗುರುತನ್ನೇ ಬದಲಿಸುವುದು. ನಮ್ಮ ಕಡೆ ಸಾಮಾನ್ಯವಾಗಿ ನಾನು ಕಂಡದ್ದು ಗಸ್ತು. ರಾತ್ರಿ ಬೀಟಿನವರು ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತು, ಜಗಲಿಯ ಗೂಟಕ್ಕೆ ನೇತುಹಾಕಿದ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಿ ಹೋಗುತ್ತಾರೆ. ನೋಡಲು ಏನೂ ಅಲ್ಲ. ಆದರೆ ಆ ಪುಸ್ತಕ ನೇತಾಡುವುದು ಓಣಿಗೆಲ್ಲ ಕಾಣುತ್ತದೆ. ರಕ್ಷಣೆ ಒಂದು ಸಲಕ್ಕೆ ಹೆಚ್ಚೆಂದರೆ 3 ತಿಂಗಳು, ಆಮೇಲೆ ಮತ್ತೆ ಕೇಳಬೇಕು. ತಾರೀಕನ್ನು ತಂಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಲಿ. ಯಾವ ಹೊತ್ತಿಗಾದರೂ ಬೈಕಿನ ಸದ್ದು ಅನುಮಾನ ತಂದರೆ 112.

ಅಷ್ಟರವರೆಗೆ ಎಲ್ಲಿದ್ದೀಯೋ ಅಲ್ಲೇ ಇರು. ತಂಗಿಯ ಖಾತೆಗೆ ಫೋನಿನಿಂದ ದುಡ್ಡು ಹಾಕಬೇಡ, ಹಾಕಿದ ಫೋನು ಯಾರದೆಂದು ಹೆಸರು ಬೀಳುತ್ತದೆ. ಜಾತ್ರೆಯ ಫೋಟೊ ಸ್ಟೇಟಸ್ಸಿಗೆ ಹಾಕುವ ಗೆಳೆಯರ ಪಕ್ಕ ನಿಲ್ಲಬೇಡ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ಒಬ್ಬ ರೌಡಿಯನ್ನು ಗಡಿಪಾರು ಮಾಡಿದರು ಎಂದು ಪೇಪರಿನಲ್ಲಿ ಬಂತು. ಹದಿನೈದು ದಿನಕ್ಕೆ ಅವನನ್ನು ಪೇಟೆಯಲ್ಲಿ ನೋಡಿದೆ. ಗಡಿಪಾರಿಗೆ ಅರ್ಥವೇನು? ಇಂಥವರನ್ನು ಕಾನೂನಿನಿಂದ ಮಟ್ಟ ಹಾಕಿದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇದೆಯೇ?
— ಒಬ್ಬ ವ್ಯಾಪಾರಿ, ಅಂಕೋಲಾ ತಾಲ್ಲೂಕು

ಉತ್ತರ: ಗಡಿಪಾರು ಆಗುವುದು ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಕಲಮಿನಲ್ಲಿ, ನಮ್ಮಲ್ಲಿ ಹೆಚ್ಚಾಗಿ ಎಸಿಯವರ, ಅಂದರೆ ಸಹಾಯಕ ಆಯುಕ್ತರ, ಆದೇಶ. ಅದರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿಲ್ಲ. ಮನುಷ್ಯನನ್ನು ಪಕ್ಕದ ಜಿಲ್ಲೆಗೆ ಕಳಿಸುತ್ತಾರೆ, ಅವನ ಮೊಬೈಲು ಅವನ ಜೊತೆಗೇ ಹೋಗುತ್ತದೆ. ಮನೆಯ ಕಾರ್ಯ, ಕೋರ್ಟಿನ ತಾರೀಕು ಎಂದು ಅನುಮತಿ ಪಡೆದು ಬರಲು ಅವಕಾಶವೂ ಇದೆ. ನೀವು ಕಂಡವನು ಅಪ್ಪಣೆ ಪಡೆದು ಬಂದಿದ್ದನೋ ಕದ್ದು ಬಂದಿದ್ದನೋ ತಿಳಿಯಲು ಠಾಣೆಗೆ ಒಂದು ಸಾಲಿನ ಅರ್ಜಿ ಸಾಕು. ಕದ್ದು ಬಂದಿದ್ದರೆ ಅದೇ ಒಂದು ಅಪರಾಧ. 1985ರ ಗೂಂಡಾ ಕಾಯ್ದೆ ಇದಕ್ಕಿಂತ ಗಟ್ಟಿ, ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಗಟ್ಟಿಯಾದದ್ದರಿಂದಲೇ ಹೈಕೋರ್ಟಿನಲ್ಲಿ ಕೂದಲು ಸೀಳಿ ನೋಡುತ್ತಾರೆ.

ಉದಾಹರಣೆ ನಿಮ್ಮ ಅಂಕೋಲಾದ್ದೇ ಇದೆಯಲ್ಲ. 2013ರ ಡಿಸೆಂಬರಿನಲ್ಲಿ ಉದ್ಯಮಿ ಆರ್. ಎನ್. ನಾಯಕರನ್ನು ಹಫ್ತಾ ಕೊಡದ ಸಿಟ್ಟಿಗೆ ಕೊಂದರು. ಅದನ್ನು ಮಾಡಿಸಿ ದೇಶದ ಹೊರಗೆ ಕೂತಿದ್ದ ಭೂಗತ ಪಾತಕಿ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕ್ಕೊದಿಂದ ಹಿಡಿದು ತಂದರು. ಬೆಳಗಾವಿಯ ಕೋಕಾ ವಿಶೇಷ ನ್ಯಾಯಾಲಯ 2022ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಎಂಟು ವರ್ಷ ಹಿಡಿಯಿತು, ನಿಜ. ಕೋಕಾ ಎಂದರೆ ಸಂಘಟಿತ ಅಪರಾಧಗಳ ತಡೆಗೆ 2000ದಲ್ಲಿ ಮಾಡಿದ ನಮ್ಮ ರಾಜ್ಯದ ಕಾಯ್ದೆ. ಅದರಲ್ಲಿ ಸಾಕ್ಷಿಯ ಹೆಸರು, ವಿಳಾಸವನ್ನೇ ಗುಟ್ಟಾಗಿಡಲು ಕೋರ್ಟಿಗೆ ಅಧಿಕಾರವಿದೆ. ಬೀದಿಯ ಪ್ರತಿ ರೌಡಿಗೂ ಅದನ್ನು ಹಾಕಲು ಬರುವುದಿಲ್ಲ, ಗ್ಯಾಂಗು ಮತ್ತು ಹಳೆಯ ಕೇಸುಗಳ ಸರಣಿ ಇರಬೇಕು.

ಪ್ರಶ್ನೆ: ನಮ್ಮ ಮನೆಗೆ ಅಡಿಕೆ ಸುಲಿಯಲು ಬಂದವರ ಜೊತೆ ಒಬ್ಬ ಹುಡುಗ ಉಳಿದುಕೊಂಡಿದ್ದಾನೆ. ಕೆಲಸಕ್ಕೆ ಅಡ್ಡಿಯಿಲ್ಲ, ಸಭ್ಯ. ಆದರೆ ರಾತ್ರಿ ರಸ್ತೆಯಲ್ಲಿ ಬೈಕು ನಿಂತರೆ ಎದ್ದು ಕೂರುತ್ತಾನೆ. ಕರಾವಳಿ ಕಡೆ ಯಾರಿಗೋ ಹೆದರಿ ಬಂದವನಂತೆ. ಇಟ್ಟುಕೊಂಡರೆ ನಮಗೇನಾದರೂ ತೊಂದರೆ ಆದೀತೇ? ಯಜಮಾನರು ಕಳಿಸಿಬಿಡು ಎನ್ನುತ್ತಾರೆ.
— ಓದುಗರೊಬ್ಬರು, ಘಟ್ಟದ ಮೇಲೆ

ಉತ್ತರ: ಇವನನ್ನು ಮೇಲಿನ ಪತ್ರದ ಹುಡುಗನ ಜೊತೆ ಯಾರೂ ತಳುಕು ಹಾಕಬೇಡಿ. ಕೆಳಗೆ ಯಾರಿಗೋ ಹೆದರಿ ಘಟ್ಟ ಹತ್ತಿ ಬಂದ ಹುಡುಗರು ನಮ್ಮ ತೋಟಗಳಿಗೆ ಹೊಸಬರಲ್ಲ.

ತಂಗೀ, ಅಪರಾಧ ಮಾಡಿದವನನ್ನು ಗೊತ್ತಿದ್ದೂ ಶಿಕ್ಷೆಯಿಂದ ತಪ್ಪಿಸಲು ಅಡಗಿಸಿಟ್ಟರೆ ಅದು ನ್ಯಾಯ ಸಂಹಿತೆಯ 249ನೇ ಕಲಮು. ಹೆದರಿ ಓಡಿ ಬಂದವನಿಗೆ ಊಟ ಹಾಕಿದರೆ ಯಾವ ಕಲಮೂ ಇಲ್ಲ. ಎರಡರಲ್ಲಿ ಅವನು ಯಾವುದು ಎಂದು ಒಮ್ಮೆ ನೇರವಾಗಿ ಕೇಳಿ. ಯಜಮಾನರು ಕೇಳುವುದು ಬೇಡ, ನೀವೇ ಕೇಳಿ, ಬಡಿಸುವಾಗ. ಆಧಾರಿನ ಪ್ರತಿ ತೆಗೆದಿಟ್ಟುಕೊಳ್ಳಿ, ಕೂಲಿಯನ್ನು ಕೈಯಲ್ಲೇ ಕೊಟ್ಟು ಪುಸ್ತಕದಲ್ಲಿ ತಾರೀಕು ಹಾಕಿ ಸಹಿ ಪಡೆಯಿರಿ. ನಾಳೆ ಅವನು ಇಂಥ ದಿನ ಇಲ್ಲೇ ಇದ್ದ ಎಂದು ತೋರಿಸಬೇಕಾಗಿ ಬಂದರೆ ಅದು ಅವನಿಗೂ ನಿಮಗೂ ಬೇಕಾಗುತ್ತದೆ. ಪೊಲೀಸರು ಬಂದು ಕೇಳಿದರೆ ಇದ್ದಾನೆ ಎಂದೇ ಹೇಳಿ. ಬೇರೆ ಯಾರೇ ಬಂದು ಕೇಳಿದರೂ, ಮಾವನ ಮಗ ಎಂದರೂ ಸೋದರತ್ತೆಯ ಮಗ ಎಂದರೂ, ನಿನ್ನೆಯೇ ಹೋದ ಎನ್ನಿ. ಅದು ಸುಳ್ಳಾದರೂ ಶಿಕ್ಷೆಯಿಲ್ಲ. ಗಾಡಿಯ ನಂಬರು ಮಾತ್ರ ಬರೆದಿಟ್ಟುಕೊಳ್ಳಿ.

ಕಳಿಸುವುದೋ ಇಟ್ಟುಕೊಳ್ಳುವುದೋ ನಿಮ್ಮ ಮನೆಯ ವಿಚಾರ. ಇಟ್ಟುಕೊಳ್ಳುವುದಾದರೆ ಈ ಸಂಚಿಕೆಯನ್ನು ಈ ಪುಟ ತೆರೆದು ಅಡಿಕೆ ಸುಲಿಯುವ ಮಣೆಯ ಹತ್ತಿರ ಇಟ್ಟು ಬನ್ನಿ. ಏನೂ ಹೇಳುವುದು ಬೇಡ.